ದೀಪ ಹಸಿರಿದೆ, ದಾರಿ ತಪ್ಪಿದೆ

2025ರ ಮೇ 1ರಂದು ಆಂಧ್ರದ ಗಡಿಭಾಗದ ಬೆಳುಗುಪ್ಪ, ರಾಯದುರ್ಗ, ಮಡಕಶಿರಾ ಸುತ್ತಿನ ರೈತರ ಗ್ರಾಮೀಣ ಬ್ಯಾಂಕಿಗೆ ಮತ್ತೊಂದು ಹೊಸ ಹೆಸರು ಬಂತು. ಹಿಂದೆ ಅದು ಅನಂತಪುರದ ಶ್ರೀ ಅನಂತ ಗ್ರಾಮೀಣ ಬ್ಯಾಂಕ್ ಆಗಿತ್ತು. 2006ರಲ್ಲಿ ಕಡಪ ಕೇಂದ್ರವಾದ ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಈಗ ಅಮರಾವತಿ ಕೇಂದ್ರವಾದ ಆಂಧ್ರಪ್ರದೇಶ ಗ್ರಾಮೀಣ ಬ್ಯಾಂಕ್. ಅದೇ ದಿನ ಗಡಿಯ ಈಚೆಗೆ ಕರ್ನಾಟಕದಲ್ಲೂ ಎರಡು ಗ್ರಾಮೀಣ ಬ್ಯಾಂಕುಗಳು ಕೂಡಿ ಬಳ್ಳಾರಿ ಕೇಂದ್ರವಾದ ಒಂದೇ ಬ್ಯಾಂಕ್ ಆದವು. ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕ್ ಎಂಬ ಕೇಂದ್ರದ ನೀತಿಯಿಂದ ದೇಶದ 43 ಗ್ರಾಮೀಣ ಬ್ಯಾಂಕುಗಳು 28ಕ್ಕೆ ಇಳಿದವು.

ಹೆಸರು ಒಂದೇ ದಿನದಲ್ಲಿ ಬದಲಾಗುತ್ತದೆ. ಶಾಖೆಯ ಮೂಲೆಯಲ್ಲಿ, ಯುಪಿಎಸ್ ಬ್ಯಾಟರಿಯ ಪಕ್ಕ ಧೂಳು ಕುಡಿಯುತ್ತ ಕೂತಿರುವ ರೂಟರ್ ಅಷ್ಟು ಬೇಗ ಬದಲಾಗುವುದಿಲ್ಲ. ಆಂಧ್ರದಲ್ಲಿ ಒಂದಾದ ನಾಲ್ಕು ಬ್ಯಾಂಕುಗಳ ಹಿಂದೆ ನಾಲ್ಕು ಬೇರೆ ಪ್ರಾಯೋಜಕ ಬ್ಯಾಂಕುಗಳಿದ್ದವು: ಕೆನರಾ, ಯೂನಿಯನ್, ಇಂಡಿಯನ್, ಸ್ಟೇಟ್ ಬ್ಯಾಂಕ್. ಇಂಥ ನಾಲ್ಕು ಮನೆಗಳ ಜಾಲಗಳನ್ನು ಒಂದು ಮಾಡುವುದು ತಿಂಗಳುಗಟ್ಟಲೆ ಹಿಡಿಯುವ, ಹೆಜ್ಜೆ ಹೆಜ್ಜೆಗೂ ಎಡವಲು ಅವಕಾಶವಿರುವ ಕೆಲಸ. ಯಾವ ಬ್ಯಾಂಕಿನಲ್ಲೂ ಅನಾಹುತ ನಡೆದಿದೆ ಎಂದು ನಾವು ಆರೋಪಿಸುತ್ತಿಲ್ಲ. ಅನಾಹುತಕ್ಕೆ ಬೇಕಾದ ಸಾಮಗ್ರಿಯೆಲ್ಲ ಒಂದೇ ಕಡೆ ಕೂಡುವ ಕಾಲ ಇದು, ಅದರ ಮೊದಲ ಸೂಚನೆಗಳು ಕಾಣುವುದು ಗಡಿಯ ಸಣ್ಣ ಶಾಖೆಗಳಲ್ಲೇ, ಅವನ್ನು ಈಗಲೇ ಓದಬೇಕು ಎನ್ನುತ್ತಿದ್ದೇವೆ.

ಶಾಖೆಯ ರೂಟರ್ ದೂರದ ಡೇಟಾ ಸೆಂಟರಿನ ರೂಟರ್ ಜೊತೆ ಮಾತಾಡುವುದು ಎನ್‌ಕ್ರಿಪ್ಟ್ ಮಾಡಿದ ಟನಲ್ ಮೂಲಕ. ಕೌಂಟರಿನ ಕಂಪ್ಯೂಟರ್ ಕಳಿಸಿದ ಪ್ರತಿ ಪ್ಯಾಕೆಟ್ಟನ್ನು ರೂಟರ್ ಮೊಹರು ಹಾಕಿದ ಇನ್ನೊಂದು ಲಕೋಟೆಯೊಳಗಿಟ್ಟು, ಮೇಲೆ ಡೇಟಾ ಸೆಂಟರಿನ ರೂಟರ್ ವಿಳಾಸ ಬರೆದು ಬಿಡುತ್ತದೆ. ನಡುವಿನ ದಾರಿ ಲೀಸ್ಡ್ ಲೈನ್ ಇರಲಿ, ಫೈಬರ್ ಇರಲಿ, 4ಜಿ ಸಿಮ್ ಇರಲಿ, ತಾರಸಿಯ ಮೇಲಿನ ವಿಸ್ಯಾಟ್ ಡಿಶ್ ಇರಲಿ, ದಾರಿಯವರಿಗೆ ಕಾಣುವುದು ಹೊರಗಿನ ವಿಳಾಸ ಮಾತ್ರ. ಸಾಮಾನ್ಯವಾಗಿ ಬಳಸುವ ಪದ್ಧತಿ ಐಪಿಸೆಕ್. ಅದು ತಾನಾಗಿ ಮಲ್ಟಿಕಾಸ್ಟ್ ಅನ್ನು, ಅಂದರೆ ಒಂದೇ ಸಲಕ್ಕೆ ಹಲವರಿಗೆ ಹೋಗುವ ಸಂದೇಶವನ್ನು, ಹೊರುವುದಿಲ್ಲ. ಆದ್ದರಿಂದ ಓಎಸ್‌ಪಿಎಫ್‌ನಂಥ ರೂಟಿಂಗ್ ಪ್ರೋಟೋಕಾಲ್‌ಗಳ ‘ಹಲೋ’ ಸಂದೇಶಗಳನ್ನು ದಾಟಿಸಲು ಒಳಗಡೆ ಜಿಆರ್‌ಇ ಎಂಬ ಇನ್ನೊಂದು ಹೊದಿಕೆ ಹಾಕುವುದು ರೂಢಿ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಎರಡು ತುದಿಗಳೂ ಕೀಲಿ ಬದಲಾಯಿಸಿಕೊಂಡು ಟನಲ್ ಕಟ್ಟುವುದು ಒಂದು. ಯಾವ ಪ್ಯಾಕೆಟ್ ಆ ಟನಲ್ಲಿನೊಳಗೆ ಇಳಿಯಬೇಕೆಂದು ತೀರ್ಮಾನಿಸುವುದು ಇನ್ನೊಂದು, ಅದು ರೂಟಿಂಗ್ ಟೇಬಲ್ಲಿನ ಕೆಲಸ. ಮುಖ್ಯ ಕಚೇರಿಯ ದೊಡ್ಡ ಪರದೆಯಲ್ಲಿ ಶಾಖೆಯ ಹೆಸರಿನ ಮುಂದೆ ಹೊಳೆಯುವ ಹಸಿರು ದೀಪ ಹೆಚ್ಚಿನ ಕಡೆ ಮೊದಲನೆಯದನ್ನಷ್ಟೇ ಹೇಳುತ್ತದೆ. ಎರಡನೆಯದು ಕೆಟ್ಟಾಗಲೂ ಆ ದೀಪ ಹಸಿರಾಗಿಯೇ ಉರಿಯುತ್ತದೆ. ಜಾಲ ನೋಡಿಕೊಳ್ಳುವವರಿಗೆ ಇದು ಗೊತ್ತಿಲ್ಲದ ವಿಷಯವೇನೂ ಅಲ್ಲ. ಆದರೆ ನೂರಾರು ಶಾಖೆಗಳ ಪಟ್ಟಿ ಎದುರಿಗಿದ್ದಾಗ ಹಸಿರು ಕಂಡ ಸಾಲನ್ನು ಮತ್ತೆ ತೆರೆದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ.

ತೆರೆದು ನೋಡಿದರೆ ಏನು ಕಾಣುತ್ತದೆ? ಟನಲ್ಲಿನ ಲೆಕ್ಕದಲ್ಲಿ ಎನ್‌ಕ್ರಿಪ್ಟ್ ಮಾಡಿ ಕಳಿಸಿದ ಪ್ಯಾಕೆಟ್‌ಗಳ ಎಣಿಕೆ ಏರುತ್ತಿರುತ್ತದೆ, ಬಂದು ಬಿಚ್ಚಿದ ಪ್ಯಾಕೆಟ್‌ಗಳ ಎಣಿಕೆ ಸೊನ್ನೆಯಲ್ಲೇ ನಿಂತಿರುತ್ತದೆ. ಹೋಗುವ ದಾರಿ ಸರಿಯಿದೆ, ಆಚೆ ತುದಿಯ ರೂಟರಿಗೆ ಈ ಶಾಖೆಗೆ ಮರಳುವ ದಾರಿ ಮರೆತಿದೆ ಎಂದು ಹೆಚ್ಚಿನ ಸಲ ಅರ್ಥ. ವಿಲೀನದ ದಿನಗಳಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಚೇರಿ ಜಾಲಗಳೆಲ್ಲ 1996ರ ಒಂದು ಅಂತರರಾಷ್ಟ್ರೀಯ ಏರ್ಪಾಡಿನಂತೆ 10, 172.16ರಿಂದ 172.31, 192.168 ಎಂದು ಶುರುವಾಗುವ ಖಾಸಗಿ ವಿಳಾಸಗಳನ್ನೇ ಬಳಸುತ್ತವೆ. ಬೇರೆ ಬೇರೆಯಾಗಿದ್ದಾಗ ಇಬ್ಬರೂ ಒಂದೇ ಸಂಖ್ಯೆ ಇಟ್ಟುಕೊಂಡರೆ ತೊಂದರೆಯಿಲ್ಲ. ಒಂದೇ ಮನೆಯಾದ ಕೂಡಲೇ ಒಂದು ಊರಿನ ಶಾಖೆಯ ವಿಳಾಸಗಳನ್ನೇ ನೂರಾರು ಮೈಲಿ ಆಚೆಯ ಇನ್ನೊಂದು ಶಾಖೆಯೂ ತನ್ನದೆನ್ನುತ್ತದೆ. ಯಾರು ಹೆಚ್ಚು ನಿಖರವಾದ ರೂಟ್ ಸಾರುತ್ತಾರೋ ಉತ್ತರಗಳೆಲ್ಲ ಅವರ ಕಡೆ ಹರಿಯುತ್ತವೆ.

ಕೌಂಟರಿನ ಆಚೆ ನಿಂತ ರೈತನಿಗೆ ಇದೆಲ್ಲದರ ಬದಲು ಕೇಳಿಸುವುದು ಒಂದೇ ಉತ್ತರ: ಸರ್ವರ್ ಇಲ್ಲ, ನಾಳೆ ಬನ್ನಿ. ಬೇರೆ ಬೇರೆ ಐದಾರು ಕಾಯಿಲೆಗಳು ಈ ಒಂದೇ ಉತ್ತರದ ಹಿಂದೆ ಅಡಗಿವೆ, ಅವುಗಳ ಲಕ್ಷಣಗಳನ್ನು ದಿನವೂ ಕಣ್ಣಾರೆ ನೋಡುವವರು ಕ್ಯಾಷಿಯರ್ ಮತ್ತು ಗುಮಾಸ್ತರು. ಖಾತೆಯ ಬ್ಯಾಲೆನ್ಸ್ ಕಾಣುತ್ತದೆ, ಗ್ರಾಹಕರ ಸಹಿಯ ಚಿತ್ರ ಮಾತ್ರ ಎಷ್ಟು ಹೊತ್ತಾದರೂ ತೆರೆಯುವುದಿಲ್ಲ. ಪಹಣಿಯ ಸ್ಕ್ಯಾನ್ ಅಪ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ. ಇದು ಲೈನು ನಿಧಾನವಿರುವ ಲಕ್ಷಣವಲ್ಲ, ಪ್ಯಾಕೆಟ್ ಗಾತ್ರದ್ದು. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ಟಿಗೆ ಸಾಮಾನ್ಯ ಮಿತಿ 1500 ಬೈಟ್. ಜಿಆರ್‌ಇ ಹೊದಿಕೆ ಅದರಲ್ಲಿ 24 ಬೈಟ್ ತಿನ್ನುತ್ತದೆ, ಐಪಿಸೆಕ್ ಮತ್ತೆ ಐವತ್ತರ ಆಚೀಚೆ. ಚಿಕ್ಕ ಪ್ಯಾಕೆಟ್ ಹೊದಿಕೆ ಹೊದ್ದರೂ ಮಿತಿಯೊಳಗೆ ದಾಟುತ್ತದೆ, ಚಿತ್ರ ಹೊತ್ತ ತುಂಬು ಪ್ಯಾಕೆಟ್ ದಾಟುವುದಿಲ್ಲ. ದಾರಿಯ ರೂಟರ್ ಆಗ ‘ದೊಡ್ಡದಾಯಿತು, ಕತ್ತರಿಸಿ ಕಳಿಸು’ ಎಂಬ ಐಸಿಎಂಪಿ ಸಂದೇಶ ವಾಪಸು ಕಳಿಸಬೇಕು. ಸುರಕ್ಷತೆಯ ಹೆಸರಿನಲ್ಲಿ ಎಷ್ಟೋ ಫೈರ್‌ವಾಲ್‌ಗಳು ಆ ಸಂದೇಶವನ್ನೇ ತಡೆಯುತ್ತವೆ. ಎಂಜಿನಿಯರ್ ಪಿಂಗ್ ಹಾಕುತ್ತಾರೆ, ಚಿಕ್ಕ ಪಿಂಗ್‌ಗೆ ಉತ್ತರ ಬರುತ್ತದೆ, ‘ಲಿಂಕ್ ಸರಿಯಿದೆ’ ಎಂದು ದೂರು ಮುಚ್ಚುತ್ತಾರೆ. ಟನಲ್ ಮಿತಿಯನ್ನು 1400ಕ್ಕೆ, ಟಿಸಿಪಿ ತುಂಡಿನ ಗಾತ್ರವನ್ನು 1360ಕ್ಕೆ ಇಳಿಸಿದರೆ ಬಹಳಷ್ಟು ಕಡೆ ವಾಸಿಯಾಗುವ ಈ ತೊಂದರೆಗೆ ಜನ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಗಂಟೆಗೊಮ್ಮೆ ಒಂದೆರಡು ನಿಮಿಷ ಎಲ್ಲ ಸ್ತಬ್ಧವಾಗುವುದು, ಅಥವಾ ದಿನವೂ ಒಂದೇ ಹೊತ್ತಿಗೆ ಲಿಂಕ್ ಹೋಗುವುದು ಇನ್ನೊಂದು ಲಕ್ಷಣ. ಟನಲ್ಲಿನ ಕೀಲಿಗಳಿಗೆ ಆಯಸ್ಸಿದೆ. ಹಲವು ರೂಟರ್‌ಗಳಲ್ಲಿ ಒಂದಕ್ಕೆ 3600 ಸೆಕೆಂಡ್, ಇನ್ನೊಂದಕ್ಕೆ 86,400 ಸೆಕೆಂಡ್, ಅಂದರೆ ಒಂದು ಗಂಟೆ ಮತ್ತು ಒಂದು ದಿನ. ಕೀಲಿ ಬದಲಾಗುವ ಕ್ಷಣದಲ್ಲಿ ಎರಡು ತುದಿಗಳ ಲೆಕ್ಕ ಹೊಂದದಿದ್ದರೆ ಹೀಗೆ ಗಡಿಯಾರ ಹಿಡಿದಂತೆ ಬೀಳುತ್ತದೆ. ಶಾಖೆಯವರು ಬಿದ್ದ ಸಮಯವನ್ನು ಒಂದು ವಾರ ಬರೆದಿಟ್ಟರೆ ಸಾಕು, ಕಾಯಿಲೆ ಅರ್ಧ ಪತ್ತೆಯಾದಂತೆಯೇ. ಬರೆದಿಡಿ ಎಂದು ಅವರಿಗೆ ಹೇಳಿದವರಿಲ್ಲ.

ಟನಲ್ ಒಂದು ನಿಮಿಷ ಏಳುವುದು, ಮರುನಿಮಿಷ ಬೀಳುವುದು, ಹೀಗೇ ನಡೆಯುತ್ತಿದ್ದರೆ ಅದರ ಮೂಲವೂ ಹಲವು ಸಲ ವಿಲೀನದಲ್ಲೇ ಇರುತ್ತದೆ. ಟನಲ್ಲಿನ ಆಚೆ ತುದಿಯನ್ನು ಮುಟ್ಟುವ ದಾರಿ ಟನಲ್ಲಿನ ಒಳಗಿಂದಲೇ ಇದೆ ಎಂದು ರೂಟರ್ ಹೊಸ ಜಾಲದಿಂದ ಕಲಿತುಬಿಡುತ್ತದೆ. ಆಗ ಹೊರಗಿನ ಲಕೋಟೆಯನ್ನೂ ಒಳಗೇ ಹಾಕಲು ಹೊರಟು ಟನಲ್ಲನ್ನು ತಾನೇ ಕೆಡವುತ್ತದೆ. ಕೆಡವಿದ ಮೇಲೆ ಆ ದಾರಿ ಮರೆತುಹೋಗುತ್ತದೆ, ಟನಲ್ ಏಳುತ್ತದೆ, ಮತ್ತೆ ಕಲಿಯುತ್ತದೆ, ಮತ್ತೆ ಬೀಳುತ್ತದೆ. ಲಾಗ್ ಓದುವವರಿಗೆ ಇದು ಒಂದೇ ಸಾಲಿನಲ್ಲಿ ಸಿಗುತ್ತದೆ. ಪರಿಹಾರವೂ ಸರಳ: ಟನಲ್ಲಿನ ಹೊರಗಿನ ವಿಳಾಸಗಳನ್ನು ಒಳಗಿನ ರೂಟಿಂಗ್‌ಗೆ ಸೇರಿಸಲೇಬಾರದು, ಹೊರದಾರಿಗೆ ಪ್ರತ್ಯೇಕ ಟೇಬಲ್ ಇಡಬೇಕು.

ಈ ಭಾಗವನ್ನೇ ವಿಶೇಷವಾಗಿ ಕಾಡುವ ಕಾಯಿಲೆ ಕರೆಂಟಿನಿಂದ ಬರುತ್ತದೆ. ಕೆಲವು ಸಣ್ಣ ರೂಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ರೂಟರ್ ಮತ್ತೆ ಎದ್ದಾಗ ಅದರ ಲೆಕ್ಕದಲ್ಲಿ ತಾರೀಕು ಎಷ್ಟೋ ವರ್ಷ ಹಿಂದಿನದು. ಆಚೆ ತುದಿ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟ್ ಅದಕ್ಕೆ ಇನ್ನೂ ಹುಟ್ಟದ ಕಾಗದವಾಗಿ ಕಾಣುತ್ತದೆ, ಟನಲ್ ಕಟ್ಟಲು ಒಪ್ಪುವುದಿಲ್ಲ. ಸರಿಯಾದ ಸಮಯ ಕೇಳಲು ಟೈಮ್ ಸರ್ವರ್ ಬೇಕು. ಆ ಸರ್ವರ್ ಟನಲ್ಲಿನ ಆಚೆ ಇದ್ದರೆ ಶಾಖೆ ಅಲ್ಲಿಗೇ ನಿಂತಿತು. ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನ ಎಲ್ಲ ಸಂಸ್ಥೆಗಳೂ ತಮ್ಮ ಯಂತ್ರಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕೆಂದಿದೆ. ಟನಲ್ ಇಲ್ಲದ ಹೊತ್ತಿನಲ್ಲಿ ಆ ಸಮಯ ಶಾಖೆಗೆ ಹೇಗೆ ತಲುಪುತ್ತದೆ ಎಂದು ಯೋಚಿಸುವುದು ಬ್ಯಾಂಕುಗಳ ಹೊಣೆ. ಸರ್ಟಿಫಿಕೇಟಿನ ತಾರೀಕು ಎಷ್ಟು ನಿರ್ದಯವೆಂಬುದಕ್ಕೆ ದೊಡ್ಡ ಉದಾಹರಣೆಗಳೇ ಇವೆ. ಸಿಸ್ಕೋ ಕಂಪನಿಯ ಹಳೆಯ ಸಾಫ್ಟ್‌ವೇರ್ ಇದ್ದ ರೂಟರ್‌ಗಳು ತಾವೇ ಸಹಿ ಮಾಡಿಕೊಂಡ ಸರ್ಟಿಫಿಕೇಟ್‌ಗಳೆಲ್ಲ 2020ರ ಜನವರಿ 1ರಂದು, ನಮ್ಮ ಸಮಯ ಬೆಳಗಿನ 5.30ಕ್ಕೆ ಒಟ್ಟಿಗೇ ಅವಧಿ ಮುಗಿಸಿದವು. ಅದಕ್ಕೂ ಮೊದಲು, 2018ರ ಡಿಸೆಂಬರ್ 6ರಂದು, ಎರಿಕ್ಸನ್ ಸಾಫ್ಟ್‌ವೇರಿನ ಒಂದು ಸರ್ಟಿಫಿಕೇಟ್ ಮುಗಿದದ್ದಕ್ಕೆ ಬ್ರಿಟನ್ನಿನ ಓ2 ಜಾಲದ ಕೋಟ್ಯಂತರ ಗ್ರಾಹಕರ ಡೇಟಾ ನಿಂತಿತ್ತು.

ಇಲ್ಲಿಯವರೆಗಿನವು ಕೆಲಸ ನಿಲ್ಲಿಸುವ ಕಾಯಿಲೆಗಳು. ಜನ ಬೈಯುತ್ತಾರೆ, ದೂರು ಹೋಗುತ್ತದೆ, ಇಂದಲ್ಲ ನಾಳೆ ಯಾರೋ ಸರಿಮಾಡುತ್ತಾರೆ. ನಮ್ಮನ್ನು ನಿಜವಾಗಿ ಹೆದರಿಸುವುದು ಕೆಲಸ ನಿಲ್ಲಿಸದ ಕಾಯಿಲೆ.

ಬ್ಯಾಂಕುಗಳು ಟೆಲಿಕಾಂ ಕಂಪನಿಗಳಿಂದ ಎಂಪಿಎಲ್‌ಎಸ್ ಎಂಬ ಬಾಡಿಗೆ ಜಾಲ ಪಡೆಯುತ್ತವೆ. ಅದರಲ್ಲಿ ಒಬ್ಬ ಗ್ರಾಹಕರ ಪ್ಯಾಕೆಟ್ ಇನ್ನೊಬ್ಬರ ಜಾಲಕ್ಕೆ ಹೋಗುವುದಿಲ್ಲ, ಆದರೆ ಎನ್‌ಕ್ರಿಪ್ಷನ್ ತಾನಾಗಿ ಇರುವುದಿಲ್ಲ. ಅದಕ್ಕೇ ಮೇಲೆ ಐಪಿಸೆಕ್ ಟನಲ್ ಕಟ್ಟುವುದು. ಈಗ ಶಾಖೆಯ ಒಳಗಿನ ವಿಳಾಸಗಳನ್ನು ಟೆಲಿಕಾಂ ಕಂಪನಿಯ ಜಾಲಕ್ಕೂ ಸಾರಿದ್ದರೆ ಏನಾಗುತ್ತದೆ? ಟನಲ್ ಬಿದ್ದ ಕ್ಷಣ ರೂಟರ್ ಮುಂದಿನ ಒಳ್ಳೆಯ ದಾರಿ ಹುಡುಕುತ್ತದೆ, ಅದು ಕೆಳಗಿನ ಬಾಡಿಗೆ ದಾರಿಯೇ. ಪ್ಯಾಕೆಟ್‌ಗಳು ಮೊಹರಿಲ್ಲದೆ, ಬರಿಮೈಯಲ್ಲಿ, ಡೇಟಾ ಸೆಂಟರ್ ತಲುಪುತ್ತವೆ. ಪರದೆ ತೆರೆಯುತ್ತದೆ, ಒಡವೆ ಸಾಲ ಮಂಜೂರಾಗುತ್ತದೆ, ಪಾಸ್‌ಬುಕ್ ಎಂಟ್ರಿ ಆಗುತ್ತದೆ. ಕ್ಯೂ ಬೇಗ ಕರಗುವುದರಿಂದ ಎಲ್ಲರಿಗೂ ಸಂತೋಷ, ದೂರು ಕೊಡುವವರು ಯಾರು? ಯಾವ ವಿಳಾಸಗಳನ್ನು ಎನ್‌ಕ್ರಿಪ್ಟ್ ಮಾಡಬೇಕೆಂದು ಪಟ್ಟಿ ಬರೆದು ಐಪಿಸೆಕ್ ನಡೆಸುವ ಹಳೆಯ ರೂಟರ್‌ಗಳಲ್ಲಿ ಅಪಾಯ ಇನ್ನೂ ಸಲೀಸು. ವಿಲೀನದ ನಂತರ ಶಾಖೆಗೆ ಹೊಸ ವಿಳಾಸ ಕೊಟ್ಟು ಪಟ್ಟಿ ತಿದ್ದಲು ಮರೆತರೆ, ಪಟ್ಟಿಯಲ್ಲಿಲ್ಲದ ಪ್ಯಾಕೆಟ್ಟನ್ನು ರೂಟರ್ ಹಾಗೇ ಹೊರಗೆ ಬಿಡುತ್ತದೆ. ಟನಲ್ ಬೀಳುವ ಅಗತ್ಯವೂ ಇಲ್ಲ, ಹಸಿರು ದೀಪದ ಪಕ್ಕದಲ್ಲೇ ಇದು ನಡೆಯುತ್ತದೆ.

ಹೆಚ್ಚಿನ ಸಲ ಈ ಸ್ಥಿತಿ ಯಾರ ದುರುದ್ದೇಶದಿಂದಲೂ ಹುಟ್ಟುವುದಿಲ್ಲ, ಕನಿಕರದಿಂದ ಹುಟ್ಟುತ್ತದೆ. ಬಿತ್ತನೆಯ ಹೊತ್ತು, ಬೆಳೆಸಾಲದ ರಿನ್ಯೂವಲ್‌ಗೆ ಜನ ಮರದ ಕೆಳಗೆ ಕಾಯುತ್ತಿದ್ದಾರೆ, ಮ್ಯಾನೇಜರ್ ಫೋನಿನಲ್ಲಿ ಗೋಗರೆಯುತ್ತಿದ್ದಾರೆ. ದೂರದ ಎಂಜಿನಿಯರ್ ಟನಲ್ ಬಿಟ್ಟು ನೇರ ಹೋಗುವ ಒಂದು ಸ್ಟ್ಯಾಟಿಕ್ ರೂಟ್ ಹಾಕುತ್ತಾರೆ, ಸಂಜೆಗೆ ತೆಗೆದರಾಯಿತು ಎಂದುಕೊಂಡು. ಸಂಜೆ ಬೇರೆ ಶಾಖೆಯ ದೂರು ಬರುತ್ತದೆ. ಆ ಎಂಜಿನಿಯರ್ ಕೆಲಸ ಬಿಟ್ಟು ಹೋದ ಮೇಲೂ ಆ ಒಂದು ಸಾಲು ರೂಟರಿನಲ್ಲಿ ಉಳಿದಿರುತ್ತದೆ. ಅವರ ಕನಿಕರವನ್ನು ನಾವು ದೂರುವುದಿಲ್ಲ. ತಾತ್ಕಾಲಿಕ ರೂಟಿಗೆ ಮುಗಿಯುವ ತಾರೀಕು ಬರೆಯುವ ಪದ್ಧತಿಯೇ ಇಲ್ಲದ ಆಡಳಿತವನ್ನು ದೂರುತ್ತೇವೆ.

ಇದರ ಕೊನೆ ಎಲ್ಲಿಗೆ ಹೋಗಬಹುದೆಂದು ತಿಳಿಯಲು ಉರವಕೊಂಡ, ವಜ್ರಕರೂರು, ಬೆಳುಗುಪ್ಪ ಬಯಲಿನ ಗಾಳಿಯಂತ್ರಗಳನ್ನು ನೋಡಿ. ಇಂಥ ಯಂತ್ರಗಳ ಮೇಲೆ ದೂರದ ಕಚೇರಿಗಳಿಂದ ಕಣ್ಣಿಡುವುದೂ ಜಾಲದ ಮೂಲಕವೇ. 2022ರ ಫೆಬ್ರವರಿ 24ರಂದು, ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದ ಬೆಳಗ್ಗೆ, ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲದ ಸಾವಿರಾರು ಮೋಡೆಮ್‌ಗಳು ಒಟ್ಟಿಗೆ ಸತ್ತವು. ಜರ್ಮನಿಯ ಎನರ್ಕಾನ್ ಕಂಪನಿಯ ಮಧ್ಯ ಯುರೋಪಿನಲ್ಲಿದ್ದ ಸುಮಾರು 5,800 ಗಾಳಿಯಂತ್ರಗಳು ದೂರದ ನಿಗಾ ಕಳೆದುಕೊಂಡವು. ಯಂತ್ರಗಳು ತಿರುಗುತ್ತಲೇ ಇದ್ದವು, ನೋಡುವವರಿಗೆ ಕಾಣಿಸುತ್ತಿರಲಿಲ್ಲ ಅಷ್ಟೆ. ದಾಳಿಕೋರರು ಒಳನುಗ್ಗಿದ್ದು ತಪ್ಪಾಗಿ ಹೊಂದಿಸಿದ್ದ, ಟನಲ್ ಕಟ್ಟುವ ಒಂದು ವಿಪಿಎನ್ ಉಪಕರಣದ ಮೂಲಕ ಎಂದು ವಯಾಸ್ಯಾಟ್ ಕಂಪನಿಯೇ ಮುಂದಿನ ತಿಂಗಳು ತಿಳಿಸಿತು. ಅಲ್ಲಿಂದ ಜಾಲ ನಿರ್ವಹಣೆಯ ಒಳಮನೆಗೆ ದಾರಿ ತೆರೆದಿತ್ತು. ರಕ್ಷಣೆಗೆಂದು ಇಟ್ಟ ಟನಲ್ಲೇ ಬಾಗಿಲಾಯಿತು.

ನಮ್ಮ ದೇಶದ ಅನುಭವವೂ ಹಳೆಯದಲ್ಲ. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆದಾಗ, ರಾಷ್ಟ್ರೀಯ ಪಾವತಿ ನಿಗಮ ಅದನ್ನು ತನ್ನ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರ ಪಾವತಿಗಳು ನಿಂತವು ಎಂದು ಆಗ ವರದಿಯಾಗಿತ್ತು. ಆಗಸ್ಟ್ 1ರಂದು ಸಂಪರ್ಕ ಮರಳಿತು. ಆಗ ನಿಗಮ ಬಾಗಿಲು ಹಾಕಿದ್ದು ಸರಿಯಾದ ಕೆಲಸವೇ. ಹಾಗೆ ಹಾಕಲು ಸಾಧ್ಯವಾದದ್ದು ಯಾವ ದಾರಿ ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದರಿಂದ. ವಿಲೀನದಲ್ಲಿ ಹಳೆಯ ಡೇಟಾ ಸೆಂಟರಿನ ಕಡೆ ಮರೆತು ಬಿಟ್ಟ ಟನಲ್‌ಗಳು ಉಳಿದರೆ, ನಾಳೆ ಒಂದು ಕಡೆ ಬೆಂಕಿ ಬಿದ್ದಾಗ ಇನ್ನೊಂದು ಕಡೆಯನ್ನು ಬೇರ್ಪಡಿಸುವುದು ಹೇಗೆ?

ಕೀಲಿಗಳ ಮಾತೂ ಇದೆ. ಟನಲ್ ಕಟ್ಟುವ ಹಳೆಯ ಪದ್ಧತಿ ಐಕೆಇ ಮೊದಲ ಆವೃತ್ತಿ 1998ರದ್ದು. ಎರಡನೆಯದು 2005ರಲ್ಲೇ ಬಂತು, ಹಳೆಯದನ್ನು ಕೈಬಿಡಿ ಎಂದು ಅಂತರಜಾಲದ ಮಾನಕ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಹೇಳಿತು. 3ಡಿಇಎಸ್ ಎಂಬ ಎನ್‌ಕ್ರಿಪ್ಷನ್ನಿಗೆ ಅಮೆರಿಕದ ಮಾನಕ ಸಂಸ್ಥೆ 2023ರ ಕೊನೆಗೆ ವಿದಾಯ ಹೇಳಿದೆ. ಎಲ್ಲ ಶಾಖೆಗೂ ಒಂದೇ ಗುಪ್ತಪದ ಇಟ್ಟು ನಡೆಸುವುದು ಇವೆರಡಕ್ಕಿಂತ ಕೆಟ್ಟದ್ದು, ಒಂದು ರೂಟರ್ ಕಳುವಾದರೆ ಎಲ್ಲ ಶಾಖೆಗಳ ಬೀಗವೂ ಹೋದಂತೆ. ಬ್ಯಾಂಕ್ ಹೆಸರು ಬದಲಾಯಿಸುವಾಗ ಈ ಕಸವನ್ನೂ ಗುಡಿಸಲು ಸಿಗುವಂಥ ಅವಕಾಶ ಮತ್ತೆ ಬೇಗ ಸಿಗುವುದಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಒಂದು ಸಂಜೆ ಕ್ಯಾಷ್ ಕ್ಲೋಸ್ ಆದ ಮೇಲೆ ಶಾಖೆಯ ಟನಲ್ಲನ್ನೂ ಅದರ ಬದಲಿ ಟನಲ್ಲನ್ನೂ ಬೇಕೆಂದೇ ಕೆಡವಿ. ಆಗ ಬ್ಯಾಂಕಿಂಗ್ ಪರದೆ ತೆರೆಯಬಾರದು. ತೆರೆದರೆ ಜನರ ಲೆಕ್ಕ ಬರಿಮೈಯಲ್ಲಿ ಓಡಾಡುತ್ತಿದೆ ಎಂದೇ ಅರ್ಥ, ಆ ರಾತ್ರಿಯೇ ಸರಿಪಡಿಸಬೇಕು. ಒಳಗಿನ ವಿಳಾಸಗಳನ್ನು ಟೆಲಿಕಾಂ ಜಾಲಕ್ಕೆ ಸಾರುವುದನ್ನು ನಿಲ್ಲಿಸಿ, ಟನಲ್ ಇಲ್ಲದ ಹೊತ್ತಿನಲ್ಲಿ ಆ ಪ್ಯಾಕೆಟ್‌ಗಳನ್ನು ರೂಟರೇ ಎಸೆದುಬಿಡುವಂತೆ ಒಂದು ‘ನಲ್’ ರೂಟ್ ಹಾಕಬೇಕು. ಕೆಲಸ ನಿಲ್ಲುತ್ತದಲ್ಲ ಎಂದು ಮ್ಯಾನೇಜರ್‌ಗಳು ಕೇಳಬಹುದು. ನಿಲ್ಲಲಿ. ನಿಂತರೆ ದೂರು ಬರುತ್ತದೆ, ದೂರು ಬಂದರೆ ಟನಲ್ ರಿಪೇರಿಯಾಗುತ್ತದೆ. ಸಿಮ್ಮಿನ ಬದಲಿ ದಾರಿಗೂ ಅದೇ ಬಿಗಿಯಾದ ಟನಲ್ ಇರಬೇಕು, ಮೂರು ತಿಂಗಳಿಗೊಮ್ಮೆ ಅದರ ಮೇಲೆ ಒಂದು ಪೂರ್ತಿ ದಿನ ಕೆಲಸ ನಡೆಸಿ ನೋಡಬೇಕು.

ಶಾಖೆಗಳಲ್ಲಿ ಒಂದು ಲಿಂಕ್ ಪುಸ್ತಕ ಇಡಬೇಕು. ಕನ್ನಡದಲ್ಲೋ ತೆಲುಗಿನಲ್ಲೋ, ಬರೆಯುವವರಿಗೆ ಸಲೀಸಾದ ಭಾಷೆಯಲ್ಲಿ: ಎಷ್ಟು ಗಂಟೆಗೆ ಹೋಯಿತು, ಎಷ್ಟು ಗಂಟೆಗೆ ಬಂತು, ಏನು ತೆರೆಯಿತು, ಏನು ತೆರೆಯಲಿಲ್ಲ, ಕರೆಂಟ್ ಹೋಗಿತ್ತೇ. ಈ ಐದು ಮಾತು ಬರೆಯುವ ಗುಮಾಸ್ತರು ಜಾಲದ ಎಂಜಿನಿಯರ್‌ಗೆ ಯಾವ ಉಪಕರಣಕ್ಕಿಂತ ಕಡಿಮೆಯಲ್ಲ. ವಾರಕ್ಕೊಮ್ಮೆ ಮುಖ್ಯ ಕಚೇರಿ ಅದನ್ನು ಓದಬೇಕು, ಓದಿದ್ದಕ್ಕೆ ಸಹಿ ಹಾಕಬೇಕು.

ಗ್ರಾಮೀಣ ಬ್ಯಾಂಕುಗಳನ್ನು ಕಾನೂನಿನ ಪ್ರಕಾರ ತಪಾಸಣೆ ಮಾಡುವುದು ನಬಾರ್ಡ್. ತಪಾಸಣೆಗೆ ಬರುವವರು ಟನಲ್‌ಗಳ ಪಟ್ಟಿ ಕೇಳಿ ತೃಪ್ತರಾಗಬಾರದು, ರೂಟಿಂಗ್ ಟೇಬಲ್ ಕೇಳಬೇಕು. ಪ್ರತಿ ಸ್ಟ್ಯಾಟಿಕ್ ರೂಟನ್ನು ಯಾರು, ಯಾವಾಗ, ಯಾಕೆ ಹಾಕಿದರು, ಯಾವತ್ತು ತೆಗೆಯುತ್ತಾರೆ ಎಂದು ಕೇಳಬೇಕು. ಅನಂತಪುರ, ಶ್ರೀ ಸತ್ಯಸಾಯಿ, ಬಳ್ಳಾರಿ ಜಿಲ್ಲೆಗಳ ಗಡಿ ಶಾಖೆಗಳಲ್ಲಿ ಟನಲ್ ಕೆಡವಿ ನೋಡುವ ಪರೀಕ್ಷೆ ಮುಂಗಾರಿನ ಬೆಳೆಸಾಲದ ರಿನ್ಯೂವಲ್ ಶುರುವಾಗುವ ಮೊದಲೇ ಮುಗಿಯಬೇಕು. ಎಷ್ಟು ಶಾಖೆಗಳಲ್ಲಿ ಪರದೆ ತೆರೆಯಿತು ಎಂಬ ಸಂಖ್ಯೆಯನ್ನು ಎರಡೂ ಬ್ಯಾಂಕುಗಳ ಆಡಳಿತ ಮಂಡಳಿಗಳು ತಮ್ಮ ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು.